ಪಟ್ಟಿ ಇರಲಿಲ್ಲ ಎಂಬ ಒಂದು ಸಾಲು

ಆ ಬುಧವಾರ ಬೆಳಗ್ಗೆ ನನ್ನ ಹೆಂಡತಿ ಏಳು ಬಸ್ತಾ ಬೇಕು ಎಂದು ಹೇಳಿ ಕಚೇರಿಗೆ ಹೋದಳು. ಅದಾದ ಮೇಲೆ ನಮ್ಮ ಮನೆಯಲ್ಲಿ ಮಾಮೂಲು ದಿನ ಅಂತ ಒಂದು ಬಂದಿಲ್ಲ.

ಬಸ್ತಾ ಎಂದರೆ ಹಳೆಯ ಕಾಗದಗಳನ್ನು ಕಟ್ಟಿಡುವ ಚೌಕ ಬಟ್ಟೆ. ಕಟ್ಟಿದ ಮೇಲೆ ಆ ಗಂಟಿಗೂ ಅದೇ ಹೆಸರು. ಕಟ್ಟಲು ಮೂಲೆಗಳಿಗೆ ಹಚ್ಚುವ ಲಾಡಿಗೆ ಕಸಿ ಎನ್ನುತ್ತೇವೆ. ನಾನು ಟೇಲರ್. ಅವಳು ತಾಲೂಕಿನ ಕಚೇರಿಯೊಂದರಲ್ಲಿ ಹಳೆಯ ದಾಖಲೆಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ವರ್ಗವಾಗಿ ದುಡಿದವಳು. ನಾನು ಈಗ ಹೇಳುವುದು ಯಾವ ಊರಿನ ಕಚೇರಿಯ ಮಾತು ಎಂದು ಬರೆಯುವುದಿಲ್ಲ. ಮೂರೂ ಊರಿನವರು ಇದು ತಮ್ಮದೇ ಇರಬಹುದೇನೋ ಎಂದು ಅಂಜಿ ಒಮ್ಮೆ ತಮ್ಮ ಕಪಾಟು ತೆರೆದು ನೋಡಿದರೆ ನನಗೇನೂ ಬೇಸರವಿಲ್ಲ.

ಅಂದು ಅವಳು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟು.

"ಏಳು ಅಂದ್ರ ಏಳು. ಕಸಿ ಗಟ್ಟಿ ಹಚ್ರಿ. ಹೋದ ಸಲ ಎರಡು ಕಿತ್ತು ಕೈಯಾಗ ಬಂದ್ವು."

"ನೀ ಗಂಟು ಹಾಕಂಗಿಲ್ಲ ಬೇ, ಎತ್ತು ಕಟ್ಟಿದಂಗ ಬಿಗೀತಿ. ಕಸಿ ಏನ್ ಮಾಡ್ತದ ಪಾಪ?" ಎಂದೆ.

"ಮನ್ಯಾಗ ಒಂದು ಅದಲ್ರಿ, ಕಟ್ಟಿ ಕಟ್ಟಿ ರೂಢಿ ಆಗ್ಯದ," ಎಂದು ನಕ್ಕು ಹೋದಳು.

ಸಂಜೆ ಬಂದು ಚಹಾ ಕುಡಿದಳು. ನಾನು ಕತ್ತರಿಸಿದ್ದ ಬಟ್ಟೆಗಳ ಅಂಚು ಎಳೆದು ನೋಡಿ ಒಂದನ್ನು ತಿರಸ್ಕರಿಸಿದಳು. ಜಿಡಗಾದ ಮಠಕ್ಕೆ ಸೋಮವಾರ ಹೋಗೋಣವೇ ಎಂದು ಕೇಳಿದಳು. ನಾನು ಹ್ಞೂಂ ಎಂದೆ. ಅಷ್ಟೇ ಆ ದಿನ.

ಮರುದಿನ ಬೆಳಗ್ಗೆ ಬಚ್ಚಲಿನಿಂದ ಬಂದು ತಲೆ ಬಹಳ ನೋಯುತ್ತಿದೆ ಎಂದು ಗೋಡೆಗೆ ಒರಗಿ ಕೂತಳು. ಕಲಬುರಗಿ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಬರೆಯಲು ಕೂತಿರುವುದು ಅವಳ ಸಾವಿನ ಬಗ್ಗೆ ಅಲ್ಲ. ಸಾವಿಗೆ ಯಾರ ಮೇಲೂ ಸಿಟ್ಟು ಮಾಡಲು ಬರುವುದಿಲ್ಲ. ಆಮೇಲೆ ಆದದ್ದಕ್ಕೆ ಬರುತ್ತದೆ.

ಅವಳ ಕೆಲಸ ಏನೆಂದು ಮೊದಲು ಹೇಳಬೇಕು, ಯಾಕೆಂದರೆ ಅವಳ ಕಚೇರಿಯವರಿಗೇ ಅದು ಗೊತ್ತಿರಲಿಲ್ಲ. ನಮ್ಮ ಕಡೆ ನಿಜಾಮನ ಕಾಲದಿಂದ ಊರಿನ ಹೊಲಗದ್ದೆಗಳ ಕಾಗದಗಳು ಪಟವಾರಿಗಳ, ಅಂದರೆ ಶಾನುಭೋಗರ, ಮನೆಯಲ್ಲಿದ್ದವು. ಆಮೇಲೆ ಅವು ಗಂಟು ಗಂಟಾಗಿ ಸರಕಾರಕ್ಕೆ ಬಂದವು. ಒಂದೊಂದು ಗಂಟಿನಲ್ಲಿ ಉರ್ದು ಇರುತ್ತದೆ, ಕನ್ನಡ ಇರುತ್ತದೆ, ಮರಾಠಿಯವರ ಮೋಡಿ ಬರಹ ಇರುತ್ತದೆ. ಪಹಣಿ ಇರುತ್ತದೆ, ಪಂಚರು ಹೆಬ್ಬೆಟ್ಟು ಒತ್ತಿದ ಕಾಗದ ಇರುತ್ತದೆ, ಯಾರದೋ ಮದುವೆಯ ಕರೆಯೋಲೆಯ ಹಿಂದೆ ಬರೆದ ಗಡಿಯ ನಕ್ಷೆಯೂ ಇರುತ್ತದೆ. ಅವಳು ಮೊದಲ ಬಾರಿ ಆ ಕೋಣೆಗೆ ಕಾಲಿಟ್ಟಾಗ ಇವೆಲ್ಲ ಗೋಡೆಗೆ ಆತು ಬಿದ್ದಿದ್ದವಂತೆ. ಅರ್ಧ ಗಂಟುಗಳಿಗೆ ಬಟ್ಟೆಯೇ ಇರಲಿಲ್ಲ, ಗೊಬ್ಬರದ ಚೀಲದಲ್ಲಿ ತುರುಕಿದ್ದರು.

ಆಗ ನಾನು ಅವಳಿಗೆ ಬುದ್ಧಿ ಹೇಳಿದ್ದೆ. "ಉರ್ದುದು ಒಂದು ಕಡಿ ಇಡು, ಕನ್ನಡದ್ದು ಒಂದು ಕಡಿ ಇಡು, ಒಂದು ವಾರದಾಗ ಮುಗೀತದ."

ಅವಳು ಎದ್ದು ನನ್ನ ಅಂಗಡಿಯ ಅಳತೆ ಪುಸ್ತಕ ತಂದು ನನ್ನ ಮುಂದೆ ಇಟ್ಟಳು.

"ಇದರಾಗ ನೀವು ಒಂದು ಮನಿಯವರ ಅಳತಿ ಒಂದ್ ಹಾಳ್ಯಾಗ ಬರ್ದೀರಿ. ಹೌದಲ್ರಿ? ನಾಳಿ ಯಾರಾದ್ರೂ ಬಂದು, ಊರಿನವರ ತೋಳೆಲ್ಲಾ ಒಂದು ಪುಸ್ತಕದಾಗ, ಸ್ವಂಟ ಎಲ್ಲಾ ಒಂದು ಪುಸ್ತಕದಾಗ ಬರ್ದು ಚಂದ ಮಾಡೇನಿ ಅಂದ್ರ? ಯಾರಿಗಂತ ಅಂಗಿ ಹೊಲಿತೀರಿ?"

ಹತ್ತನೆಯ ಇಯತ್ತೆ ಓದಿದವನು ನಾನು. ದಾಖಲೆಗಳನ್ನು ಜೋಡಿಸುವುದಕ್ಕೆ ಒಂದು ಶಾಸ್ತ್ರವೇ ಇದೆ ಎಂದು ಆಮೇಲೆ ಯಾರೋ ಹೇಳಿದರು. ಯಾವ ಮನೆಯಿಂದ ಬಂತೋ ಆ ಮನೆಯದೇ ಗಂಟಾಗಿ ಇಡಬೇಕು, ಇಟ್ಟವನು ಯಾವ ಸಾಲಿನಲ್ಲಿ ಇಟ್ಟಿದ್ದನೋ ಆ ಸಾಲು ಕೆಡಿಸಬಾರದು, ಕಾಗದದ ಅರ್ಧ ಅರ್ಥ ಅದರ ಮೇಲೆ ಕೆಳಗೆ ಯಾವ ಕಾಗದ ಇತ್ತು ಎನ್ನುವುದರಲ್ಲಿದೆ ಎಂದು. ನನಗೆ ಶಾಸ್ತ್ರ ಗೊತ್ತಿಲ್ಲ. ಅಳತೆ ಪುಸ್ತಕ ಗೊತ್ತು.

ಬಸ್ತಾ ಹೊಲಿಯುವ ಕೆಲಸ ಆವತ್ತೇ ನನ್ನ ಕೊರಳಿಗೆ ಬಿತ್ತು. ಬಣ್ಣದ ಬಟ್ಟೆ ಬೇಡ, ತೇವ ಹಿಡಿದರೆ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಕೋರಾ ಬಟ್ಟೆಯೇ ಆಗಬೇಕು, ಅದನ್ನೂ ಬಿಸಿನೀರಿನಲ್ಲಿ ಎರಡು ಸಲ ಒಗೆದು ಗಂಜಿ ಬಿಡಿಸಬೇಕು, ಗಂಜಿ ಇದ್ದಲ್ಲಿ ಹುಳ ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಸಿ. ಇದೆಲ್ಲ ಅವಳ ಹುಕುಂ. ಹಳೆಯ ಕಾಗದದ ಮೇಲೆ ಅವಳು ಪೆನ್ನು ಮುಟ್ಟಿಸುತ್ತಿರಲಿಲ್ಲ, ಪೆನ್ಸಿಲ್ ಕೂಡ ಇಲ್ಲ. ಹಾಗಾದರೆ ಗುರುತು ಎಲ್ಲಿ ಹಾಕಬೇಕು? ಬಟ್ಟೆಯ ಮೇಲೆ. ಶಾಯಿ ಹರಡುತ್ತದೆ. ಅದಕ್ಕೆ ಕೆಂಪು ದಾರದಲ್ಲಿ ಅಂಕಿಗಳನ್ನು ಹೊಲಿದು ಕೊಡಿರಿ ಎಂದಳು. ಮೊದಲ ಅಂಕಿ ಊರಿಗೆ, ಎರಡನೆಯದು ಪಟವಾರಿಯ ಮನೆಗೆ, ಮೂರನೆಯದು ಗಂಟಿಗೆ. ನಾನು ಒಂದೊಂದು ಬಟ್ಟೆಯ ಬಲಮೂಲೆಯಲ್ಲಿ ಮೂರು ಅಂಕಿ ಹೊಲಿಯುತ್ತಿದ್ದೆ.

ಆ ಅಂಕಿ ಏನೆಂದು ಹೇಳುವುದು ಅವಳ ಪುಸ್ತಕ. ಉದ್ದನೆಯ ಗಟ್ಟಿ ರಟ್ಟಿನ ಪುಸ್ತಕ. ಈ ಅಂಕಿಯ ಗಂಟು ಯಾವ ಊರಿನದು, ಯಾರ ಮನೆಯಿಂದ ಬಂದದ್ದು, ಒಳಗೆ ಎಷ್ಟು ಹಾಳೆ, ಯಾವ ಯಾವ ಬರಹ, ಮೊದಲ ಹಾಳೆ ಯಾವುದು, ಕೊನೆಯದು ಯಾವುದು, ಎಲ್ಲಿ ಹುಳ ಹಿಡಿದಿದೆ, ಎಲ್ಲಿ ಹರಿದಿದೆ. ಕಾಗದದಲ್ಲಿ ನಿಜಾಮನ ಕಾಲದ ಫಸಲಿ ಇಸವಿ ಇದ್ದರೆ ಹಾಗೇ ಬರೆದು, ನಮ್ಮ ಲೆಕ್ಕದ ಇಸವಿಯನ್ನು ಪಕ್ಕದಲ್ಲಿ ಸಣ್ಣಗೆ ಬರೆಯುತ್ತಿದ್ದಳು. ಯಾರಾದರೂ ಬಂದು ಊರು, ಹೊಲದ ನಂಬರು ಹೇಳಿದರೆ ಪುಸ್ತಕ ತೆರೆದು, ಕಪಾಟಿಗೆ ಹೋಗಿ, ಒಂದು ಚಹಾ ಆರುವುದರೊಳಗೆ ಕಾಗದ ತರುತ್ತಿದ್ದಳು. ಗಂಟು ತೆಗೆದ ಜಾಗದಲ್ಲಿ ಒಂದು ಚೀಟಿ ಇಟ್ಟು ಬರುತ್ತಿದ್ದಳು, ಎಲ್ಲಿಂದ ತೆಗೆದೆ ಎಂದು ಮರೆಯದಿರಲು.

ಉರ್ದು ಅವಳಿಗೆ ಬರುತ್ತಿರಲಿಲ್ಲ. ಚೌಡಾಪುರದಿಂದ ಒಬ್ಬ ನಿವೃತ್ತ ಉರ್ದು ಮಾಸ್ತರರು ವಾರಕ್ಕೊಮ್ಮೆ ಬಂದು ಓದಿ ಹೇಳುತ್ತಿದ್ದರು. ಯಾವ ವಾರವಾದರೂ ಸರಿ, ಗುರುವಾರ ಮಾತ್ರ ಬರುತ್ತಿರಲಿಲ್ಲ. ಅಂದು ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವ ಮಂದಿ ಬಸ್ಸು ತುಂಬಿಬಿಡುತ್ತಾರೆ, ನನ್ನ ಮೊಣಕಾಲು ನಿಂತು ಬರುವ ಮೊಣಕಾಲಲ್ಲ ಎನ್ನುತ್ತಿದ್ದರು. ಅವಳನ್ನು ಬೇಟಿ ಎಂದು ಕರೆಯುತ್ತಿದ್ದರು. ಯಾರೂ ಅವರನ್ನು ಕೆಲಸಕ್ಕೆ ಇಟ್ಟಿರಲಿಲ್ಲ, ತಾವಾಗಿಯೇ ಬರುತ್ತಿದ್ದರು.

ಅವಳು ಹೋದ ಮೇಲೆ ಕಚೇರಿಯಲ್ಲಿ ಸಂತಾಪದ ಸಭೆ ಮಾಡಿದರು. ಶಿರಸ್ತೇದಾರರು ಅವಳ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಮನೆಯಲ್ಲಿ ಅವಳ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಗೂ ಬಂದು ಊಟ ಮಾಡಿ ಹೋದರು. ಅವಳ ಮೇಜಿನ ಸಾಮಾನುಗಳನ್ನು ಒಂದು ಕೈಚೀಲದಲ್ಲಿ ಹಾಕಿ ಜವಾನನ ಕೈಯಲ್ಲಿ ಕಳಿಸಿದರು. ನಾನು ಚೀಲವನ್ನು ತೆರೆಯದೆ ಗೂಟಕ್ಕೆ ತೂಗುಹಾಕಿದೆ. ಮೇಲಿನಿಂದ ಅವಳ ಕನ್ನಡಕದ ಡಬ್ಬಿ ಕಾಣುತ್ತಿತ್ತು. ತೆರೆಯುವ ಧೈರ್ಯ ಬರಲಿಲ್ಲ.

ಹೀಗೇ ನಾಲ್ಕು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಭೀಮಾ ದಂಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ನನ್ನ ಹಳೆಯ ಗಿರಾಕಿ, ಕುಪ್ಪಸ ಹೊಲಿಸಲು ಬರುತ್ತಿದ್ದವಳು. ಅಂದು ಕೈಯಲ್ಲಿ ಬಟ್ಟೆ ಇರಲಿಲ್ಲ, ಒಂದು ಕಾಗದ ಇತ್ತು.

"ಅಣ್ಣಾರ, ಒಂದು ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಅಕ್ಕಾರು ಪಟ್ಟಿ ಬರ್ದಿರ್ಲಿಲ್ಲೇನ್ರಿ?"

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಅವಳ ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಪಕ್ಕದ ಹೊಲದವರು ಮುಳ್ಳು ಹಚ್ಚಿ ಮುಚ್ಚಿದ್ದಾರೆ. ದಾರಿ ಇತ್ತು ಎಂದು ಅಜ್ಜನ ಕಾಲದ ಕಾಗದದಲ್ಲಿದೆ ಎಂದು ಹಿರಿಯರು ಹೇಳಿದ್ದಾರೆ. ಕಚೇರಿಗೆ ಅರ್ಜಿ ಕೊಟ್ಟಿದ್ದಾಳೆ. ಅದಕ್ಕೆ ಈ ಹಿಂಬರಹ ಬಂದಿದೆ. ಅವಳಿಗೆ ಓದಲು ಬರುವುದಿಲ್ಲ, ಯಾರೋ ಓದಿ ಹೇಳಿದ್ದಾರೆ.

ನಾನು ಓದಿದೆ. "ಹಿಂದಿನ ದಾಖಲೆ ಪಾಲಕರು ಪಟ್ಟಿಯನ್ನು ನಿರ್ವಹಿಸದೇ ಇರುವುದರಿಂದ ಕೋರಿದ ದಾಖಲೆಯು ಲಭ್ಯವಿರುವುದಿಲ್ಲ." ಕೆಳಗೆ ಶಿರಸ್ತೇದಾರರ ಸಹಿ, ಸೀಲು.

ಮತ್ತೊಮ್ಮೆ ಓದಿದೆ. ಆ ಹೆಣ್ಣುಮಗಳು ನನ್ನ ಮುಖ ನೋಡಿ, "ನಾ ನಂಬಿಲ್ರಿ ಅಣ್ಣಾರ. ಅದಕ್ಕ ಕೇಳಾಕ ಬಂದೇನಿ," ಎಂದಳು.

ಸತ್ತವರ ಮೇಲೆ ತಪ್ಪು ಹೊರಿಸುವುದು ಎಷ್ಟು ಹಗುರ ನೋಡಿ. ಅವಳು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ವಿವರಣೆ ಕೇಳಿ ನೋಟೀಸು ಕೊಡಬೇಕಾಗಿಲ್ಲ. ಒಂದು ಸಾಲು ಬರೆದು ಸೀಲು ಒತ್ತಿದರೆ ಮುಗಿಯಿತು. ಸಭೆಯಲ್ಲಿ ಪ್ರಾಮಾಣಿಕಳು ಎಂದ ಅದೇ ಬಾಯಿ, ಅದೇ ಕೈ. ನಾನು ಮಷೀನು ಮುಚ್ಚಿ ನೆಟ್ಟಗೆ ಕಚೇರಿಗೆ ಹೋದೆ.

ವರಾಂಡದಲ್ಲಿ ಕಾಲೊರೆಸಲು ಒಂದು ಬಟ್ಟೆ ಹಾಕಿದ್ದರು. ನಾನು ಅದರ ಮೇಲೆ ಕಾಲಿಡುವವನಿದ್ದೆ. ಮೂಲೆಯಲ್ಲಿ ಕೆಂಪು ದಾರದ ಮೂರು ಅಂಕಿ ಕಂಡವು. ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ಬಗ್ಗಿ ಎತ್ತಿಕೊಂಡು, ಕೆಸರು ಕೊಡವಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಜವಾನ, "ಏ, ಅದನ್ಯಾಕ ಒಯ್ಯಾಕತ್ತೀರಿ?" ಎಂದ. ನಾನು ನೆಟ್ಟಗೆ ಒಳಗೆ ನಡೆದೆ.

ಅವಳ ಕೋಣೆಯಲ್ಲಿ ಕಪಾಟುಗಳು ಖಾಲಿ. ನೆಲದ ಮೇಲೆ ಮೂರು ರಾಶಿ, ಸೊಂಟದೆತ್ತರ. ಎರಡು ಮೇಜುಗಳ ಮೇಲೆ ಸ್ಕ್ಯಾನ್ ಮಾಡುವ ಯಂತ್ರಗಳು. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆಯವರು ಬಂದಿದ್ದರು. ಅವರ ಮೇಲ್ವಿಚಾರಕರು ಮೈಸೂರು ಕಡೆಯವರು, ನಡುವಯಸ್ಸಿನವರು, ಮಾತು ಮೃದು. ಕುರ್ಚಿ ಸರಿಸಿ ಕೂರಲು ಹೇಳಿದರು. ನಾನು ಕೂರಲಿಲ್ಲ.

"ನೋಡಿ ಯಜಮಾನ್ರೇ, ಎಲ್ಲಾ ಕಲಸಿಹೋಗಿತ್ತು. ಒಂದೇ ಗಂಟಲ್ಲಿ ಉರ್ದು, ಕನ್ನಡ, ಇನ್ನೂ ಏನೇನೋ. ನಾವು ಭಾಷೆ ಪ್ರಕಾರ ನೀಟಾಗಿ ಬೇರೆ ಮಾಡಿದ್ದೀವಿ. ಅದು ಉರ್ದು, ಇದು ಕನ್ನಡ, ಆ ಮೂಲೇದು ಓದೋಕೆ ಬರ್ದೇ ಇರೋದು."

"ಬಟ್ಟಿ ಮ್ಯಾಲ ನಂಬರ್ ಇದ್ವಲ್ರಿ?"

"ಯಾವ ನಂಬರು?"

ನಾನು ಕಂಕುಳಲ್ಲಿದ್ದ ಬಟ್ಟೆ ಬಿಡಿಸಿ ತೋರಿಸಿದೆ. ಅವರು ಬಗ್ಗಿ ನೋಡಿದರು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು, ಅದನ್ನು ಇಲ್ಲ ಎನ್ನುವುದಿಲ್ಲ.

"ಅಯ್ಯೋ, ಇದು ಅಗಸರ ಗುರುತು ಅಂದ್ಕೊಂಡ್ವಿ ನಾವು. ಬಟ್ಟೆ ಒಗೆಯೋಕೆ ಕೊಟ್ಟಾಗ ಹಾಕ್ತಾರಲ್ಲ, ಹಂಗೆ."

ವರ್ಷಗಟ್ಟಲೆ ಅವಳು ಲೆಕ್ಕ ಹಾಕಿ ಹೇಳಿ, ನಾನು ಕನ್ನಡಕ ಹಾಕಿಕೊಂಡು ಹೊಲಿದದ್ದು ಇವರಿಗೆ ಅಗಸರ ಗುರುತಾಗಿ ಕಂಡಿತ್ತು. ಗಂಟು ಬಿಚ್ಚಿ, ಕಾಗದಗಳನ್ನು ರಾಶಿಗೆ ಹಾಕಿ, ಬಟ್ಟೆಗಳನ್ನು ಮೂಲೆಗೆ ಎಸೆದಿದ್ದರು. ಕೆಲವು ನೆಲ ಒರೆಸಲು ಹೋದವು. ಕೆಲವು ಜೀಪು ಒರೆಸಲು. ಉರ್ದು ಪುಸ್ತಕಗಳನ್ನು ಎಡಗಡೆಯಿಂದ ತೆರೆದು ಸ್ಕ್ಯಾನ್ ಮಾಡಿದ್ದರು. ಕೊನೆಯ ಪುಟ ಮೊದಲನೆಯದಾಗಿ ಕಂಪ್ಯೂಟರಿನಲ್ಲಿ ಕೂತಿತ್ತು.

ಆಗ ಶಿರಸ್ತೇದಾರರು ಬಂದರು. ನಾನು ಹಿಂಬರಹವನ್ನು ಅವರ ಮುಂದೆ ಹಿಡಿದೆ.

"ಪಟ್ಟಿ ನಿರ್ವಹಿಸಿಲ್ಲ ಅಂತ ಬರ್ದೀರಿ ಸಾಹೇಬ್ರ. ನೀವು ಆಕಿ ಪುಸ್ತಕ ನೋಡಿದ್ರಿಲ್ಲೋ?"

"ನೋಡ್ರಿ, ಭಾವನಾತ್ಮಕ ಆಗಬ್ಯಾಡ್ರಿ. ಚಾರ್ಜ್ ತಗೊಳ್ಳುವಾಗ ಪಟ್ಟಿ ಇರ್ಲಿಲ್ಲ. ಇದ್ದದ್ದು ಬರೀಬೇಕಲ್ರಿ?"

"ಇರ್ಲಿಲ್ಲ ಅಂದ್ರ ಎಲ್ಲಿ ಹೋತ್ರಿ? ದಿನಾ ನಿಮ್ಮ ಕಣ್ಣ ಮುಂದ ತೆಗೀತಿದ್ದಳು."

"ಸ್ವಂತ ಪುಸ್ತಕ ಇದ್ದಿರಬೇಕು. ಮನಿಗೆ ಕಳಿಸಿವಲ್ರಿ ಸಾಮಾನು."

ಆ ಮಾತು ಕೇಳಿ ನಾನು ಮನೆಗೆ ಓಡಿದೆ. ಗೂಟದ ಚೀಲ ಇಳಿಸಿದೆ. ಕನ್ನಡಕ, ಬಾಚಣಿಗೆ, ಸ್ಟೀಲಿನ ನೀರಿನ ಬಾಟಲಿ, ಅರ್ಧ ಖಾಲಿಯಾದ ವಿಭೂತಿಯ ಉಂಡೆ. ಕೆಳಗೆ ಉದ್ದನೆಯ ರಟ್ಟಿನ ಪುಸ್ತಕ. ಅವಳ ದುಂಡು ಅಕ್ಷರ. ಬಾಚಣಿಗೆಯ ಜೊತೆ ಪಟ್ಟಿಯನ್ನು ಮನೆಗೆ ಕಳಿಸಿ, ಪಟ್ಟಿ ಇರಲಿಲ್ಲ ಎಂದು ಸೀಲು ಒತ್ತಿದ್ದರು! ನಾಲ್ಕು ತಿಂಗಳು ಅದು ನನ್ನ ಗೋಡೆಯ ಮೇಲೆ ತೂಗುತ್ತಿತ್ತು. ನನ್ನ ಮೇಲೂ ಸಿಟ್ಟು ಬಂತು. ಆವತ್ತೇ ತೆರೆದಿದ್ದರೆ?

ಪುಸ್ತಕ ಅರ್ಧ ಊರುಗಳಿಗೆ ಮುಗಿದಿತ್ತು. ಕೊನೆಯ ಪುಟದ ಕೆಳಗೆ "ಮುಂದಿನದು ಎರಡನೆಯ ಪುಸ್ತಕದಲ್ಲಿ" ಎಂದು ಬರೆದಿದ್ದಳು. ಎರಡನೆಯದು ಚೀಲದಲ್ಲಿ ಇರಲಿಲ್ಲ.

ಮರುದಿನ ಮೊದಲ ಪುಸ್ತಕ ಒಯ್ದು ಶಿರಸ್ತೇದಾರರ ಮೇಜಿನ ಮೇಲಿಟ್ಟೆ. ಎರಡನೆಯದು ಕೇಳಿದೆ. ಅವರು ನಾಲ್ಕು ಪುಟ ತಿರುವಿ ನನ್ನ ಕಡೆಗೇ ಸರಿಸಿದರು.

"ಇದಕ್ಕ ಕಚೇರಿ ಸೀಲಿಲ್ಲ. ಪುಟಕ್ಕ ನಂಬರ್ ದೃಢೀಕರಣ ಇಲ್ಲ. ಇದು ಅಧಿಕೃತ ಪಟ್ಟಿ ಅಲ್ರಿ."

"ಇದರಾಗಿಂದ ನೋಡಿ ಕಾಗದ ಕೊಟ್ಟಾಗ ಅಧಿಕೃತ ಇತ್ತೇನ್ರಿ?"

ಅವರು ಫ್ಯಾನಿನ ಕಡೆ ನೋಡಿದರು. "ಅರ್ಜಿ ಕೊಡ್ರಿ," ಎಂದರು.

ನಾನು ಮೂರು ಅರ್ಜಿ ಕೊಟ್ಟೆ. ಆ ಸಾಲು ತೆಗೆಯಬೇಕು ಎಂದು ಒಂದು. ಎರಡನೆಯ ಪುಸ್ತಕ ಹುಡುಕಿ ಕೊಡಬೇಕು ಎಂದು ಒಂದು. ಮೂರನೆಯದು, ಗಂಟುಗಳನ್ನು ಮೊದಲಿದ್ದ ಹಾಗೆ ಕಟ್ಟಲು ನನಗೆ ಮತ್ತು ಮಾಸ್ತರರಿಗೆ ಅವಕಾಶ ಕೊಡಬೇಕು ಎಂದು. ಮೂರನೆಯದಕ್ಕೆ ಮಾತ್ರ ಒಪ್ಪಿದರು. ಅದೂ ಯಾಕೆಂದರೆ ಮೇಲ್ವಿಚಾರಕರು, "ಮಾಡ್ಲಿ ಬಿಡಿ ಸಾರ್, ನಮ್ಮ ಸ್ಕ್ಯಾನ್ ಮುಗಿದಿರೋ ರಾಶಿ ತಾನೇ" ಎಂದು ಹೇಳಿದ್ದಕ್ಕೆ. ಆದರೆ ತಿಂಗಳ ಕೊನೆಗೆ ಲಾರಿ ಬರುತ್ತದೆ, ಕಾಗದಗಳೆಲ್ಲ ಜಿಲ್ಲೆಯ ಗೋದಾಮಿಗೆ ಹೋಗುತ್ತವೆ, ಅಲ್ಲಿಯವರೆಗೆ ಮಾತ್ರ ಎಂದರು. ನಮಗೆ ಹನ್ನೊಂದು ದಿನ ಇತ್ತು.

ಮೂಲೆಗೆ ಎಸೆದಿದ್ದ ಬಸ್ತಾಗಳನ್ನು ಆರಿಸಿ ತಂದು, ಒಗೆದು ಇಸ್ತ್ರಿ ಮಾಡಿ, ಅವಳು ಕೇಳಿದ್ದ ಏಳನ್ನೂ ಹೊಲಿದು ಸೇರಿಸಿ, ಹೊತ್ತುಕೊಂಡು ಹೋದೆ. ಮಾಸ್ತರರು ಈ ಸಲ ಗುರುವಾರವೂ ಬಂದರು. ಬಸ್ಸಿನಲ್ಲಿ ನಿಂತೇ ಬಂದೆ, ಬೇಟಿಯ ಕೆಲಸ ಎಂದು ಹೇಳಿ ನೆಲದ ಮೇಲೆ ಕೂತು, ಮೊದಲ ಉರ್ದು ಹಾಳೆ ಎತ್ತಿದರು. ಓದಿ, ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಕೇಳ್ರಿ ಟೇಲರ್ ಸಾಬ್. 'ಮೌಜೆ ಮಜ್ಕೂರ್, ಕಾಸ್ತಕಾರ್ ಮಜ್ಕೂರ್.' ಹೇಳಿದ ಊರಾಗ, ಹೇಳಿದ ರೈತ. ಅರೆ ಭಾಯಿ, ಎಲ್ಲಿ ಹೇಳ್ಯಾನ? ಹಿಂದಿನ ಹಾಳ್ಯಾಗ ಹೇಳ್ಯಾನ. ಹಿಂದಿನ ಹಾಳಿ ಎಲ್ಲದ?"

ರಾಶಿಯ ಅರ್ಧಕ್ಕರ್ಧ ಕಾಗದಗಳು ಹೀಗೇ ಇದ್ದವು. ಸದರಿ ಗ್ರಾಮ, ಸದರಿ ರೈತ, ಸದರಿ ಗಡಿ. ಮುಂದಿನ ಹಾಳೆಯಿಂದ ಹಿಂದಿನ ಹಾಳೆಯನ್ನು ಕಿತ್ತರೆ ಸದರಿ ಎಂದರೆ ಯಾರೂ ಅಲ್ಲ. ಸಾವಿರಾರು ಹಾಳೆಗಳನ್ನು ಅವರು ಹೀಗೆ ಅನಾಥ ಮಾಡಿ, ಅವುಗಳ ಫೋಟೋ ತೆಗೆದು, ಕೆಲಸ ಮುಗಿಯಿತು ಎಂದಿದ್ದರು. ವರದಿಯಲ್ಲಿ "ವೈಜ್ಞಾನಿಕವಾಗಿ ವಿಂಗಡಿಸಲಾಗಿದೆ" ಎಂದು ಬರೆದದ್ದನ್ನು ನಾನೇ ಓದಿದೆ, ಗೋಡೆಗೆ ಅಂಟಿಸಿದ್ದರು.

ಎರಡು ದಿನ ನಮ್ಮಿಂದ ಏನೂ ಮಾಡಲಾಗಲಿಲ್ಲ. ಪುಸ್ತಕದಲ್ಲಿ ಗಂಟಿನ ಮೊದಲ ಹಾಳೆ, ಕೊನೆಯ ಹಾಳೆ ಬರೆದಿದ್ದಳು. ನಡುವಿನವು ಯಾವುವು? ಮೂರನೆಯ ದಿನ ನಾನು ಸುಮ್ಮನೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದಿದ್ದೆ. ಅಂಚಿನಲ್ಲಿ ತೂತುಗಳಿದ್ದವು. ಹುಳದ್ದಲ್ಲ, ದಬ್ಬಣದ್ದು.

ಪಟವಾರಿಗಳು ಕಾಗದಗಳನ್ನು ದಬ್ಬಣದಿಂದ ಚುಚ್ಚಿ ನೂಲು ಹಾಕಿ ಹೊಲಿಯುತ್ತಿದ್ದರು. ನೂಲು ಎಂದೋ ಹೋಗಿದೆ, ತೂತು ಉಳಿದಿದೆ. ಒಬ್ಬೊಬ್ಬರ ಕೈ ಒಂದೊಂದು ತರ. ಒಂದು ಮನೆಯವರು ಎರಡೇ ತೂತು ಹಾಕುತ್ತಿದ್ದರು, ನಡುವೆ ನಾಲ್ಕು ಬೆರಳು ಅಂತರ. ಇನ್ನೊಂದು ಮನೆಯವರು ಮೂರು, ಕೆಳಗಿನದು ಸ್ವಲ್ಪ ಒಳಕ್ಕೆ. ಹೊಲಿಗೆ ನೋಡಿ ಯಾವ ಟೇಲರನ ಅಂಗಿ ಎಂದು ನಾನು ಹೇಳಬಲ್ಲೆ. ಇದೂ ಹೊಲಿಗೆಯೇ. ನಾನು ಅಳತೆ ಟೇಪು ತೆಗೆದೆ.

ಆಮೇಲೆ ಕೆಲಸ ಓಡಿತು. ತೂತಿನ ಅಂತರ ಒಂದೇ ಇರುವ ಹಾಳೆಗಳನ್ನು ನಾನು ಒಂದು ಕಡೆ ಸೇರಿಸುತ್ತಿದ್ದೆ. ಮಾಸ್ತರರು ಓದಿ, ಹೇಳಿದ ಊರು ಎಲ್ಲಿ ಹೇಳಿದ್ದಾರೆ ಎಂದು ಹುಡುಕುತ್ತಿದ್ದರು. ಹುಳ ಕೊರೆದ ದಾರಿ ಒಂದು ಹಾಳೆಯಿಂದ ಮತ್ತೊಂದಕ್ಕೆ ಹೊಂದಿಕೊಂಡರೆ ಯಾವುದರ ಮೇಲೆ ಯಾವುದಿತ್ತು ಎಂದು ಗೊತ್ತಾಗುತ್ತಿತ್ತು. ಕೊನೆಗೆ ಪುಸ್ತಕ ತೆರೆದು ಹಾಳೆ ಎಣಿಸುತ್ತಿದ್ದೆವು. ಅವಳು ಬರೆದಷ್ಟೇ ಹಾಳೆ ಬಂದಾಗ ಮಾಸ್ತರರು, "ಶಾಬಾಸ್ ಬೇಟಿ" ಎನ್ನುತ್ತಿದ್ದರು. ನನಗೆ ಶಾಬಾಸ್ ಸಿಗಲಿಲ್ಲ. ಕೇಳಿದ್ದಕ್ಕೆ, "ನೀವೇನ್ ಮಾಡೀರಿ? ಟೇಪ್ ಹಿಡದೀರಿ," ಎಂದರು. ಅವಳು ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

ಆ ಹೆಣ್ಣುಮಗಳ ಬಂಡಿದಾರಿಯ ಊರು ಮೊದಲ ಪುಸ್ತಕದಲ್ಲಿತ್ತು. ಗಂಟಿನ ಉರ್ದು ಹಾಳೆಗಳೆಲ್ಲ ಸಿಕ್ಕವು. ಒಂದು ಹಾಳೆ ಕಡಿಮೆ ಬಂತು. ಪುಸ್ತಕದಲ್ಲಿ ಆ ಗಂಟಿನ ಬರಹಗಳ ಸಾಲಿನಲ್ಲಿ "ನಡುವೆ ಒಂದು ಹಾಳೆ ಕನ್ನಡ, ಪಂಚರ ಹೆಬ್ಬೆಟ್ಟು, ದಾರಿಯ ವಿಷಯ" ಎಂದು ಬರೆದಿದ್ದಳು. ನಾವು ಕನ್ನಡದ ರಾಶಿಗೆ ತಿರುಗಿದೆವು. ನೂರಾರು ಹಾಳೆ. ಕನ್ನಡದವರು ಎಡ ಅಂಚಿನಲ್ಲಿ ಹೊಲಿಯುತ್ತಾರೆ. ಉರ್ದುವಿನವರು ಬಲ ಅಂಚಿನಲ್ಲಿ. ಉರ್ದು ಕಟ್ಟಿನ ನಡುವೆ ಇದ್ದ ಕನ್ನಡ ಹಾಳೆಗೆ ತೂತು ಎಲ್ಲಿರಬೇಕು? ಬಲ ಅಂಚಿನಲ್ಲಿ. ಓದುವುದನ್ನೇ ಬಿಟ್ಟು ನಾನು ಬಲ ಅಂಚನ್ನಷ್ಟೇ ಬೆರಳಿನಿಂದ ಸವರುತ್ತಾ ಹೋದೆ. ಮೂರು ತೂತು, ಕೆಳಗಿನದು ಸ್ವಲ್ಪ ಒಳಕ್ಕೆ. ಸದರಿ ಹೊಲಕ್ಕೆ ಹಳ್ಳದ ದಂಡೆಯಿಂದ ಬಂಡಿ ಹೋಗುವಷ್ಟು ದಾರಿ ಇದ್ದು, ಎಂದು ಶುರುವಾಗುತ್ತಿತ್ತು ಆ ಹಾಳೆ.

ಭಾಷೆಯ ಪ್ರಕಾರ ನೀಟಾಗಿ ಬೇರೆ ಮಾಡಿದ್ದೇವೆ ಎಂದವರಿಗೆ ನಾನು ಆ ಕನ್ನಡ ಹಾಳೆಯನ್ನು ಅದರ ಹಿಂದಿನ ಉರ್ದು ಹಾಳೆಗೆ ತೂತಿಗೆ ತೂತು ಕೂಡಿಸಿ ತೋರಿಸಿದೆ. ಮೇಲ್ವಿಚಾರಕರು ಬಹಳ ಹೊತ್ತು ನೋಡಿದರು. "ಯಾರಾದ್ರೂ ನಮಗೆ ಹೇಳ್ಬೇಕಿತ್ತು," ಎಂದರು. ಹೇಳುವವಳು ಇರಲಿಲ್ಲ. ಆದರೆ ಕೇಳುವವರೂ ಇರಲಿಲ್ಲ. ಕೆಲಸ ಶುರು ಮಾಡುವ ಮೊದಲು ಒಬ್ಬರಾದರೂ, ಇಲ್ಲಿ ಇಷ್ಟು ವರ್ಷ ಇದ್ದವರು ಹೇಗೆ ಇಟ್ಟಿದ್ದರು ಎಂದು ಕೇಳಿದ್ದರೆ, ಜವಾನ ಕೂಡ ನನ್ನ ಅಂಗಡಿ ತೋರಿಸುತ್ತಿದ್ದ.

ಹೆಣ್ಣುಮಗಳಿಗೆ ನಕಲು ಸಿಕ್ಕಿತು. ಅವಳು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತಳು. "ಅಕ್ಕಾರು ಬರ್ದಿಟ್ಟಿದ್ರು ನೋಡ್ರಿ," ಎಂದು ಬಂದವರಿಗೆಲ್ಲ ಹೇಳಿದಳು.

ನಾನು ಒಳಗೆ ಹೋಗಿ ಶಿರಸ್ತೇದಾರರನ್ನು ಕೇಳಿದೆ. "ಪಟ್ಟಿ ಇತ್ತಲ್ರಿ ಸಾಹೇಬ್ರ? ಪಟ್ಟಿ ನೋಡೇ ಕಾಗದ ಸಿಕ್ಕದ. ಆ ಸಾಲು ತೆಗೀರಿ."

"ಕಾಗದ ಸಿಕ್ತಲ್ರಿ, ಆತು ಬಿಡ್ರಿ. ಆ ಫೈಲ್ ಮುಗದದ. ಮುಗದ ಫೈಲ್ ತೆಗ್ಯಾಕ ಬರಂಗಿಲ್ಲ."

"ಅದರಾಗ ಆಕಿ ಹೆಸರು ಕೆಡಿಸೀರಿ."

"ಹೆಸರು ಎಲ್ಲಿ ಬರ್ದೇವ್ರಿ? ಹಿಂದಿನ ದಾಖಲೆ ಪಾಲಕರು ಅಂತ ಬರ್ದೇವಿ."

ಹೆಸರು ಬರೆಯದಿದ್ದರೆ ಅವಮಾನ ಅಲ್ಲವಂತೆ. ನಾನು ಜಗಳದ ಮನುಷ್ಯನಲ್ಲ. ಗಿರಾಕಿ ಅಂಗಿ ಬಿಗಿಯಾಯಿತು ಎಂದು ಬೈದರೂ ಬಿಚ್ಚಿ ಹೊಲಿದು ಕೊಡುವವನು. ಆದರೆ ಅಂದು ನನ್ನ ದನಿ ವರಾಂಡದವರೆಗೆ ಕೇಳಿಸಿತಂತೆ. ಒಂದು ತಪ್ಪು ಹೊಲಿಗೆಯನ್ನು ನಾನು ಬಿಚ್ಚಬಲ್ಲೆ, ಇವರು ಒಂದು ತಪ್ಪು ಸಾಲನ್ನು ಬಿಚ್ಚಲಾರರೇ ಎಂದು ಕೇಳಿದೆ. ಅವರು ಮತ್ತೆ ಅರ್ಜಿ ಕೊಡಿ ಎಂದರು.

ಹನ್ನೆರಡನೆಯ ದಿನ ಲಾರಿ ಬಂತು. ಮೊದಲ ಪುಸ್ತಕದ ಗಂಟುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ನಾವು ಮೊದಲಿನ ಹಾಗೆ ಕಟ್ಟಿದ್ದೆವು. ಅವನ್ನು ಬೇರೆ ಪೆಟ್ಟಿಗೆಗಳಲ್ಲಿ ಇಡಿಸಿ, ಪುಸ್ತಕದ ಝೆರಾಕ್ಸ್ ಪ್ರತಿಯನ್ನು ಪ್ರತಿ ಪೆಟ್ಟಿಗೆಯಲ್ಲೂ ಹಾಕಿ, ಹೆಸರಿನ ಜಾಗದಲ್ಲಿ ಅವಳ ಹೆಸರನ್ನು ನಾನೇ ಬರೆದೆ. ಉಳಿದದ್ದನ್ನು ಕೂಲಿಯವರು ಉರ್ದು, ಕನ್ನಡ, ಓದಲು ಬಾರದ್ದು ಎಂದು ಮೂರು ತರದ ಚೀಲಗಳಲ್ಲಿ ತುಂಬಿ ಮೇಲೇರಿಸಿದರು. ಮಾಸ್ತರರು ಲಾರಿ ತಿರುಗುವವರೆಗೆ ನಿಂತಿದ್ದರು.

ಇದಾಗಿ ಒಂದು ವರ್ಷವಾಯಿತು. ನಾನು ಎಂಟು ಸಲ ಅರ್ಜಿ ಕೊಟ್ಟಿದ್ದೇನೆ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ ಎಂಬ ಕಾಗದ ನನಗೆ ಬಂದಿಲ್ಲ. ಎರಡನೆಯ ಪುಸ್ತಕ ಸಿಕ್ಕಿಲ್ಲ.